ಕಡ್ಡಿ ಹಿಡಿದವನ ಚುನಾವಣೆ

ರೋದಿಯೋನ್ ಸವೆಲ್ಯೆವಿಚ್ ಕ್ರುಗ್ಲೋವ್ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದರಲ್ಲಿ ಎತ್ತಿದ ಕೈ. ಬೆರೆಜೊಗೊರ್ಸ್ಕ್ ಊರಿನ ಸಿಂಫನಿ ಆರ್ಕೆಸ್ಟ್ರಾಕ್ಕೆ, ಎದುರು ನಿಂತು ಕಡ್ಡಿ ಬೀಸಿ ವಾದ್ಯದವರನ್ನು ನಡೆಸುವವರಲ್ಲಿ, ಅವನು ಎರಡನೇ ಕಂಡಕ್ಟರ್. ಎರಡನೇ ಕಂಡಕ್ಟರ್ ಎಂದರೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಮೊದಲನೆಯವರಿಗೆ ಜ್ವರ ಬರಲಿ ಎಂದು ಕಾಯುವ ಕೆಲಸ, ನಮ್ಮ ಮೊದಲನೆಯವರು ಗುಂಡುಕಲ್ಲಿನ ಹಾಗಿದ್ದಾರೆ, ನನಗೆ ಸದಾ ರಜೆ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ರಜೆಯೇನೂ ಇರಲಿಲ್ಲ. ಶಾಲೆ ಮಕ್ಕಳಿಗೆ ಸಂಗೀತ ಕಚೇರಿ, ಟ್ರಾಕ್ಟರ್ ಕಾರ್ಖಾನೆಯ ವಾರ್ಷಿಕೋತ್ಸವ, ಮಾರ್ಚ್ ಎಂಟರ ಮಹಿಳಾ ದಿನಕ್ಕೆ ಜೋಡಿ ಕುಣಿತದ ವಾಲ್ಟ್ಸ್‌ಗಳು, ಹೊಸ ವರ್ಷಕ್ಕೆ ಹಿಮಕನ್ಯೆಯ ಕುಣಿತ, ಇವೆಲ್ಲ ಅವನ ತಲೆಗೇ ಕಟ್ಟಿದ್ದವು. ದೊಡ್ಡ ಸಿಂಫನಿಗಳು ಮಾತ್ರ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಹಿರಿಯ ಕಂಡಕ್ಟರ್ ಅವುಗಳನ್ನು ಅಜ್ಜಿ ಜಾಮ್ ಡಬ್ಬಿ ಇಟ್ಟುಕೊಳ್ಳುವ ಹಾಗೆ ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದರು.

ಬೇರೆಯವರು ಆಡಿಕೊಳ್ಳುವ ಮೊದಲೇ ತಾನೇ ಆಡಿಕೊಂಡುಬಿಟ್ಟರೆ ಅವರಿಗೆ ಆಡಲು ಏನೂ ಉಳಿಯುವುದಿಲ್ಲ ಎಂಬುದನ್ನು ಅವನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ. ಅದು ಜಾಣತನವೋ ಪುಕ್ಕಲುತನವೋ ಎಂದು ಯೋಚಿಸುವ ಗೋಜಿಗೆ ಹೋಗಿರಲಿಲ್ಲ. ಯೋಚಿಸಿದ್ದರೆ ಅದರ ಮೇಲೂ ಒಂದು ಜೋಕು ಕಟ್ಟುತ್ತಿದ್ದ, ಬಿಡಿ.

ಅವನ ಅಪ್ಪ ರೈಲು ಎಂಜಿನ್ ಓಡಿಸುತ್ತಿದ್ದವನು. ಅಮ್ಮ ಅದೇ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಮಗ ಅಕಾರ್ಡಿಯನ್ ಚೆನ್ನಾಗಿ ನುಡಿಸುತ್ತಾನೆ ಎಂದು ಸಂಗೀತ ಶಾಲೆಗೆ ಹಾಕಿದರು. ಅಲ್ಲಿಂದ ಅವನು ಹೇಗೋ ಲೆನಿನ್‌ಗ್ರಾದ್‌ಗೆ ಹೋಗಿ ಕಂಡಕ್ಟರ್ ವಿದ್ಯೆಗೆ ಸೇರಿಬಿಟ್ಟ. ಅಮ್ಮನಿಗೆ ಕೊನೆಯವರೆಗೂ ಅದು ಅರ್ಥವಾಗಲಿಲ್ಲ. ಮಿಕ್ಕವರೆಲ್ಲ ಬೆವರು ಸುರಿಸಿ ನುಡಿಸುತ್ತಾರೆ, ನೀನೊಬ್ಬ ಸುಮ್ಮನೆ ನಿಂತು ನೊಣ ಓಡಿಸುತ್ತೀಯ, ಅದಕ್ಕೆ ಐದು ವರ್ಷ ಓದಬೇಕೇ ಎಂದು ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು. ಓದಬೇಕಮ್ಮಾ, ನೊಣ ಎಡಗಡೆಯಿಂದ ಬಂದರೆ ಬೇರೆ, ಬಲಗಡೆಯಿಂದ ಬಂದರೆ ಬೇರೆ ಎಂದು ಅವನು ಹೇಳುತ್ತಿದ್ದ.

ಅವನು ಹಾಸ್ಟೆಲ್ಲಿನ ಕಪಾಟಿನ ಕನ್ನಡಿಯ ಮುಂದೆ ನಿಂತು, ರೇಡಿಯೋ ಹಾಕಿಕೊಂಡು, ಅದರಲ್ಲಿ ಬರುವ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳಿಗೆಲ್ಲ ಕೈಬೀಸುತ್ತಿದ್ದ. ರೇಡಿಯೋದವರು ಒಂದು ದಿನವೂ ತಪ್ಪಲಿಲ್ಲ, ಎದುರುತ್ತರ ಕೊಡಲಿಲ್ಲ. ಕನ್ನಡಿಯಲ್ಲಿ ಕಾಣುತ್ತಿದ್ದ ಹುಡುಗನಂತೂ ಮಹಾ ಪ್ರತಿಭಾವಂತನಾಗಿದ್ದ.

ತರಗತಿಯಲ್ಲಿಯೂ ಆರ್ಕೆಸ್ಟ್ರಾ ಇರಲಿಲ್ಲ. ಅಷ್ಟು ಜನ ಕಲಾವಿದರನ್ನು ಮೀಸೆ ಮೂಡದ ಹುಡುಗನ ಕೈಗೆ ಯಾರು ಕೊಡುತ್ತಾರೆ? ಅಲ್ಲಿದ್ದದ್ದು ಎರಡು ಪಿಯಾನೋ, ಅವುಗಳ ಮುಂದೆ ಇಬ್ಬರು. ಪಿಟೀಲು, ಕೊಳಲು, ತುತ್ತೂರಿ, ನಗಾರಿ ಎಲ್ಲ ಆ ನಾಲ್ಕು ಕೈಗಳಲ್ಲೇ ಬರಬೇಕು. ಹುಡುಗ ಬರೀ ಗೋಡೆಯ ಕಡೆಗೆ ತಿರುಗಿ, ಅಲ್ಲಿ ತುತ್ತೂರಿಯವರು ಕೂತಿದ್ದಾರೆಂದು ನಂಬಿ, ಈಗ ನೀವು ಎಂದು ಕೈ ತೋರಿಸಬೇಕು. ಪ್ರೊಫೆಸರ್ ಕಜಿಮೀರ್ ಯಾನೊವಿಚ್ ಕಣ್ಣು ಮುಚ್ಚಿ ಕೂತು ಚಹಾ ಹೀರುತ್ತ, ಗೋಡೆಯ ಆ ಮೂಲೆಯವರಿಗೆ ನಿನ್ನ ಕೈ ತಲುಪಲಿಲ್ಲ ಎಂದು ಬೈಯುತ್ತಿದ್ದರು. ಕಣ್ಣು ಮುಚ್ಚಿದವರಿಗೆ ಅದು ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ.

ಆ ಎರಡು ಪಿಯಾನೋಗಳಲ್ಲಿ ಒಂದರ ಮುಂದೆ ಕೂರುತ್ತಿದ್ದವಳು ನೋನ್ನಾ. ಒಬ್ಬನಾದ ಮೇಲೊಬ್ಬ ಹುಡುಗನಿಗೆ ನುಡಿಸಿ ನುಡಿಸಿ ಆ ಸಿಂಫನಿಗಳೆಲ್ಲ ಅವಳಿಗೆ ತನ್ನ ಅಡುಗೆಮನೆಯಷ್ಟು ಗೊತ್ತಿದ್ದವು. ಅವಳು ರೋದಿಯೋನನ ಕೈ ನೋಡುತ್ತಿರಲಿಲ್ಲ, ಕಿಟಕಿಯಾಚೆ ಬೀಳುವ ಹಿಮ ನೋಡುತ್ತ ನುಡಿಸುತ್ತಿದ್ದಳು. ಅವನು ತಡವರಿಸಿದಲ್ಲಿ ತಾನೇ ಸರಿ ಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಕೇಳಿದ ಪ್ರೊಫೆಸರ್, ಪರವಾಗಿಲ್ಲ, ಈ ಹುಡುಗನಿಗೆ ಕೈ ಇದೆ ಎನ್ನುತ್ತಿದ್ದರು. ಆಮೇಲೆ ಇವರಿಬ್ಬರೂ ಮದುವೆಯಾದರು. ಐದು ವರ್ಷ ಕೈ ಬೀಸಿದೆ, ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ, ಅಷ್ಟು ಅಭ್ಯಾಸವಾದ ಮೇಲೆ ಸಂಸಾರ ಏನು ಕಷ್ಟ ಎಂದು ರೋದಿಯೋನ್ ಕಂಡವರಿಗೆಲ್ಲ ಹೇಳುತ್ತಿದ್ದ.

ಕೊನೆಯ ಪರೀಕ್ಷೆಗೆ ನಿಜವಾದ ಆರ್ಕೆಸ್ಟ್ರಾ ಕೊಟ್ಟರು. ಅಲ್ಲಿ ಅವನ ಮಾನ ಹರಾಜಾಯಿತು. ಪಿಯಾನೋ ಆದರೆ ಕೈ ಬಿದ್ದ ಕೂಡಲೇ ಸದ್ದು. ಆರ್ಕೆಸ್ಟ್ರಾ ಹಾಗಲ್ಲ. ಕೈ ಕೆಳಗೆ ಬರುತ್ತದೆ, ಅಷ್ಟೂ ಜನ ಉಸಿರೆಳೆಯುತ್ತಾರೆ, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಸದ್ದು ಬರುತ್ತದೆ. ಆ ಒಂದು ಗಳಿಗೆಯಲ್ಲಿ ರೋದಿಯೋನನ ಜೀವ ಬಾಯಿಗೆ ಬಂತು. ಮುಂದಿನ ಬೀಸಿಗೆ ಅವನು ಸದ್ದು ಬರಲಿ ಎಂದು ಕಾದ. ಅವನು ಕಾದನಲ್ಲ ಎಂದು ಅವರೂ ಕಾದರು. ಅವರು ಕಾಯುತ್ತಿದ್ದಾರೆಂದು ಅವನು ಇನ್ನಷ್ಟು ಕಾದ. ಕುಣಿದಾಡಬೇಕಿದ್ದ ಸಂಗೀತ ಮೊದಲು ಜೋಗುಳವಾಯಿತು, ಆಮೇಲೆ ಹೆಣದ ಮೆರವಣಿಗೆಯಾಯಿತು, ಕೊನೆಗೆ ನಿಂತೇಹೋಯಿತು. ಬಸೂನ್ ಊದುವ ಮುದುಕನೊಬ್ಬ ತುಟಿ ಒರೆಸಿಕೊಳ್ಳುತ್ತ, "ಮರಿ, ನೀನು ನಮ್ಮ ಹಿಂದೆ ಬರ್ತೀಯೋ, ನಾವು ನಿನ್ನ ಹಿಂದೆ ಬರ್ಬೇಕೋ? ಯಾರಾದ್ರೂ ಒಬ್ರು ಮುಂದೆ ಹೋಗ್ಬೇಕಪ್ಪ" ಅಂದ. ಸಭೆಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಐದಕ್ಕೆ ಮೂರು ಅಂಕ ಕೊಟ್ಟು, ಉರಾಲ್ ಬೆಟ್ಟದ ಕಡೆ ಎರಡನೇ ಕಂಡಕ್ಟರ್ ಬೇಕಂತೆ ಎಂದು ಸಾಗಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಮುಂದೆ ಹೋಗುವುದನ್ನು ಕಲಿಯುತ್ತಿದ್ದರು. ರೋದಿಯೋನ್ ಹಿಂದೆ ಹೋಗುವುದನ್ನು ಕಲಿತ. ಬೆರೆಜೊಗೊರ್ಸ್ಕ್‌ನವರು ನುರಿತವರು, ಅವರ ಪಾಡಿಗೆ ಅವರು ನುಡಿಸಿಕೊಳ್ಳುತ್ತಾರೆ. ಬರುವ ಸದ್ದಿನ ಜೊತೆ ಜೊತೆಗೇ ಕೈಯನ್ನು ಚೆಂದವಾಗಿ ಆಡಿಸಿದರೆ ಮುಗಿಯಿತು. ಸಭಿಕರ ಕಣ್ಣಿಗೆ ಎಲ್ಲವೂ ಆ ಕೈಯಿಂದಲೇ ಹುಟ್ಟಿದಂತೆ ಕಾಣುತ್ತಿತ್ತು. ನಡುವೆ ಎಲ್ಲಾದರೂ ಕೆಟ್ಟರೆ ಒಂದು ಜೋಕು ಹಾರಿಸಿ ಮುಂದೆ ಹೋಗುವುದು. ತಾಲೀಮು ಮುಗಿಯುವ ಹೊತ್ತಿಗಿಂತ ಮೊದಲೇ ಬಿಟ್ಟುಬಿಡುವುದು. ಹೀಗೆ ವರ್ಷಗಳು ಉರುಳಿ ಕೂದಲು ನೆರೆಯಿತು, ಹೊಟ್ಟೆ ಬಂತು. ನೋನ್ನಾ ಅದೇ ಆರ್ಕೆಸ್ಟ್ರಾದಲ್ಲಿ ಪಿಯಾನೋ ನುಡಿಸುವ ಕೆಲಸ ಹಿಡಿದು ಹಿಂದಿನ ಸಾಲಿನಲ್ಲಿ ಕೂತಳು. ಪಿಯಾನೋ ಇಲ್ಲದ ಸಂಗೀತವೇ ಹೆಚ್ಚಾದ್ದರಿಂದ ಅವಳು ಹೆಣಿಗೆ ಹಾಕುತ್ತ ಕಾಯುತ್ತಿದ್ದಳು.

ಅಷ್ಟರಲ್ಲಿ ಹಿರಿಯ ಕಂಡಕ್ಟರ್‌ಗೆ ಜ್ವರವೇನೂ ಬರಲಿಲ್ಲ, ಕಪ್ಪು ಸಮುದ್ರದ ತೀರದ ಊರಿನಿಂದ ಕರೆ ಬಂತು. ಪೆಟ್ಟಿಗೆ ಕಟ್ಟಿ ಹೊರಟೇಬಿಟ್ಟರು. ಕೆಲಸಗಾರರೇ ತಮ್ಮ ಮೇಲಿನವರನ್ನು ಆರಿಸಿಕೊಳ್ಳಲಿ ಎಂದು ಪತ್ರಿಕೆಗಳು ದಿನಾ ಬರೆಯುತ್ತಿದ್ದ ಕಾಲ ಅದು. ಟ್ರಾಕ್ಟರ್ ಕಾರ್ಖಾನೆಯವರು ಡೈರೆಕ್ಟರನ್ನು ಆರಿಸಿಕೊಂಡಿದ್ದರು, ಬೇಕರಿಯವರೂ ಆರಿಸಿಕೊಂಡಿದ್ದರು. ನಾವೇನು ಕಡಿಮೆ ಎಂದು ಆರ್ಕೆಸ್ಟ್ರಾದವರೂ ಸಭೆ ಕರೆದರು. ಹಿರಿಯ ಜಾಗಕ್ಕೆ ಇಬ್ಬರು ನಿಂತರು. ಒಬ್ಬ ಮಾಸ್ಕೋದಿಂದ ಬಂದ ಯುವಕ, ಪ್ರಶಸ್ತಿ ಗೆದ್ದವನು. ಇನ್ನೊಬ್ಬ ನಮ್ಮ ರೋದಿಯೋನ್.

ಓಟದಲ್ಲಿ ಆ ಹುಡುಗ ಒಬ್ಬನೇ ಓಡಿದರೆ ಚೆನ್ನಾಗಿರಲ್ಲ, ಅದಕ್ಕೇ ನಾನೂ ಚಡ್ಡಿ ಹಾಕಿಕೊಂಡೆ ಎಂದು ರೋದಿಯೋನ್ ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗಿದ. ಎಲ್ಲರೂ ನಕ್ಕರು. ಆದರೆ ಅವನಿಗೆ ಆ ಜಾಗ ಬೇಕಿತ್ತು. ಹಿರಿಯನಾದರೆ ಸಿಂಫನಿಗಳ ಕಪಾಟಿನ ಬೀಗ ತೆಗೆಯಬಹುದು. ಅಲ್ಲೊಂದು ಸಿಂಫನಿಯಿತ್ತು. ಅದರ ನಿಧಾನದ ಭಾಗ ಶುರುವಾಗುವುದು ಪಿಟೀಲುಗಳ ಒಂದು ಸಣ್ಣ ಸದ್ದಿನಿಂದ. ಎಷ್ಟು ಸಣ್ಣದೆಂದರೆ, ಮಲಗಿದ ಮಗುವಿನ ಕೋಣೆಗೆ ತಾಯಿ ಬಂದ ಹಾಗೆ. ಓದುವ ಕಾಲದಲ್ಲಿ ಸ್ವರಗಳ ಪುಸ್ತಕದಲ್ಲಿ ಅದನ್ನು ನೋಡಿದಾಗಿನಿಂದ ಅವನ ತಲೆಯೊಳಗೆ ಅದು ಕೇಳಿಸುತ್ತಿತ್ತು. ಎಷ್ಟೋ ಆರ್ಕೆಸ್ಟ್ರಾಗಳು ಅದನ್ನು ನುಡಿಸುವುದನ್ನು ಅವನು ಕೇಳಿದ್ದ. ಒಬ್ಬರೂ ತನ್ನ ತಲೆಯೊಳಗಿನ ಹಾಗೆ ನುಡಿಸಿರಲಿಲ್ಲ. ಸಾಯುವ ಮೊದಲು ಒಮ್ಮೆ ಅದನ್ನು ಹೊರಗೆ ಕೇಳಬೇಕು ಎಂಬುದು ಅವನ ಆಸೆ. ಇದನ್ನು ಮಾತ್ರ ಅವನು ಜೋಕು ಮಾಡಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ.

ಮಾಸ್ಕೋದವನು ಒಂದು ವಾರ ತಾಲೀಮು ನಡೆಸಿದ. ನಡೆಸಿದ ಎನ್ನುವುದಕ್ಕಿಂತ ಹಿಂಡಿದ ಎನ್ನಬೇಕು. ಎರಡು ಸಾಲು ನುಡಿಸಿದರೆ ನಿಲ್ಲಿಸುವುದು, ಮತ್ತೆ ಮೊದಲಿಂದ. ಹಾರ್ನ್ ಊದುವವರಿಗೆ ನೀವೇನು ಮನೆಯಲ್ಲಿ ಪುಸ್ತಕ ಬಿಚ್ಚುವುದೇ ಇಲ್ಲವೇ ಎಂದು ಕೇಳಿದ. ಹೊತ್ತು ಮೀರಿದರೂ ಬಿಡಲಿಲ್ಲ. ಆ ದಿನಗಳಲ್ಲಿ ಮಧ್ಯಾಹ್ನ ಬೇಗ ಹೋಗಿ ಸಾಲು ನಿಂತವರಿಗಷ್ಟೇ ಸಾಸೇಜ್ ಸಿಗುತ್ತಿದ್ದದ್ದು. ವಾರವಿಡೀ ಆರ್ಕೆಸ್ಟ್ರಾದ ಮನೆಗಳಲ್ಲಿ ಬರೀ ಎಲೆಕೋಸಿನ ಸಾರು. ಎಲ್ಲರೂ ಕೆಂಡವಾದರು.

ಸಭೆಯ ದಿನ ಎಲ್ಲರೂ ತಂತಮ್ಮ ಕುರ್ಚಿಗಳಲ್ಲೇ ಕೂತರು. ಮೊದಲ ಪಿಟೀಲಿನ ವಾಲೆರ್ಯಾನ್ ಒಸಿಪೊವಿಚ್, ಆರ್ಕೆಸ್ಟ್ರಾದ ಯಜಮಾನನಿದ್ದ ಹಾಗೆ. ಎದ್ದು ನಿಂತು ರೋದಿಯೋನನ ಪರ ಮಾತಾಡಿದ. ರೋದಿಯೋನ್ ಸವೆಲ್ಯೆವಿಚ್ ನಮ್ಮವರು, ಇಷ್ಟು ವರ್ಷಗಳಲ್ಲಿ ಒಂದು ದಿನ ದನಿ ಎತ್ತಿದವರಲ್ಲ, ನುಡಿಸಿದ್ದನ್ನೇ ನುಡಿಸಿ ಎಂದವರಲ್ಲ, ಹೊತ್ತಿಗೆ ಮೊದಲೇ ಮನೆಗೆ ಕಳಿಸುತ್ತಾರೆ ಎಂದ. ಒಂದು ವರ್ಷ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಅವರಿಗೆ ಬಿಕ್ಕಳಿಕೆ ಹತ್ತಿ ಕೈ ಕೆಳಗೆ ಬಿಟ್ಟರೂ ನಾವು ವಾಲ್ಟ್ಸ್ ಮುಗಿಸಲಿಲ್ಲವೇ ಎಂದ. ಸಭೆ ಗೊಳ್ಳೆಂದಿತು. ಕೊನೆಗೆ ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ: "ಒಂದೇ ಮಾತಲ್ಲಿ ಹೇಳ್ತೀನಿ. ಇವ್ರು ನಮಗೆ ತೊಂದ್ರೆ ಕೊಡಲ್ಲ. ಕಂಡಕ್ಟರ್ ಅಂದ್ರೆ ಇನ್ನೇನು ಬೇಕು?"

ಚಪ್ಪಾಳೆ ಬಿತ್ತು. ರೋದಿಯೋನ್ ಎದ್ದು ಬಗ್ಗಿ ವಂದಿಸಿದ. ಬಗ್ಗಿದಾಗ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಹೊಸ ಅಂಗಿಯ ಗುಂಡುಸೂಜಿ ಇರಬೇಕು ಎಂದುಕೊಂಡ. ಅಂಗಿ ಹಳೆಯದು.

ಪರವಾಗಿರುವವರು ಕೈ ಎತ್ತಿ ಎಂದಾಗ ಕಾಡು ಎದ್ದ ಹಾಗೆ ಕೈಗಳೆದ್ದವು. ಕೆಲವರು ಪಿಟೀಲಿನ ಬಿಲ್ಲಿನ ಸಮೇತ ಎತ್ತಿದರು. ವಿರೋಧ ಯಾರಾದರೂ ಎಂದು ವಾಲೆರ್ಯಾನ್ ಶಾಸ್ತ್ರಕ್ಕೆ ಕೇಳಿದ. ಹಿಂದಿನ ಸಾಲಿನಲ್ಲಿ, ಪಿಯಾನೋದ ಮರೆಯಿಂದ, ಒಂದು ಕೈ ಮೇಲೆ ಬಂತು. ಅದು ನೋನ್ನಾಳ ಕೈ.

ಎಲ್ಲರ ಕತ್ತು ಅವಳ ಕಡೆ ತಿರುಗಿ ಮತ್ತೆ ಇವನ ಕಡೆ ತಿರುಗಿತು. ಆಮೇಲೆ ಯಾರೋ ಕಿಸಕ್ಕೆಂದರು. ರೋದಿಯೋನನ ಬಾಯಿ ತನ್ನ ಪಾಡಿಗೆ ತಾನು ತೆರೆದು, "ನೋಡಿ ಸ್ವಾಮಿ, ನಮ್ಮನೇಲಿ ದಿನಾ ಇದೇ ಫಲಿತಾಂಶ" ಅಂದಿತು. ಸಭೆ ಚಾವಣಿ ಹಾರುವ ಹಾಗೆ ನಕ್ಕಿತು. ಗಂಡ ಹೆಂಡತಿಯ ತಮಾಷೆ ಎಂದುಕೊಂಡು ಅವಳ ಬೆನ್ನು ತಟ್ಟಿದರು. ಇವನನ್ನು ತಬ್ಬಿ ಕೆನ್ನೆಗೆ ಮೂರು ಮೂರು ಸಲ ಮುತ್ತಿಟ್ಟರು. ಅರ್ಮೇನಿಯಾದ ಕೊನ್ಯಾಕ್ ಬಂತು, ಉಪ್ಪು ಹಾಕಿದ ಸೌತೆಕಾಯಿ ಬಂತು. ಹಾರ್ನ್ ಊದುವವನೊಬ್ಬ ಕುಡಿದು ಅತ್ತ.

ಮನೆಗೆ ಹೋಗುವ ದಾರಿಯಲ್ಲಿ ನೆಲ ಮಂಜುಗಟ್ಟಿ ಜಾರುತ್ತಿತ್ತು. ಅವಳು ಎಂದಿನಂತೆ ಅವನ ತೋಳು ಹಿಡಿದುಕೊಂಡೇ ನಡೆದಳು. ಅದು ಅವನಿಗೆ ಇನ್ನೂ ಸಿಟ್ಟು ತಂದಿತು. ಅಡುಗೆಮನೆಯಲ್ಲಿ ಅವಳು ಆಲೂಗಡ್ಡೆ ಹುರಿಯಲು ಇಟ್ಟ ಮೇಲೆ ಬಾಯಿಬಿಟ್ಟ.

"ಯಾಕೆ ನೋನ್ನಾ?"

"ನೀನು ಗೆಲ್ಲೋದು ಬೇಡ ಅಂತಲ್ಲ. ಹೀಗೆ ಗೆಲ್ಲೋದು ಬೇಡ ಅಂತ. ವಾಲೆರ್ಯಾನ್ ಹೇಳಿದ್ದು ಕೇಳಿಸ್ಕೊಂಡ್ಯಲ್ಲ? ತೊಂದ್ರೆ ಕೊಡಲ್ಲ ಅಂದ. ಅದು ಬಾಡಿಗೆಗಿರೋರ ಬಗ್ಗೆ ಹೇಳೋ ಮಾತು, ರೋದ್ಯಾ."

"ಅವ್ರಿಗೆ ನಾನಂದ್ರೆ ಇಷ್ಟ."

"ನಂಗೂ ಇಷ್ಟ. ಇಷ್ಟ ಅಂತ ಮಣೆ ಮೇಲೆ ಹತ್ತಿಸಿ ಕೂರಿಸಕ್ಕೆ ನೀನೇನು ಮದುವೆ ಗಂಡಾ? ಆ ಮಾಸ್ಕೋ ಹುಡುಗ ಒರಟ, ಒಪ್ತೀನಿ. ಆದ್ರೆ ಅವ್ನಿಗೆ ನಮ್ಮಿಂದ ಏನೋ ಬೇಕಿತ್ತು. ನೀನು ಇಷ್ಟು ವರ್ಷದಲ್ಲಿ ಒಂದ್ಸಲ ನಮ್ಮನ್ನ ಏನಾದ್ರೂ ಬೇಕು ಅಂತ ಕೇಳಿದ್ದೀಯಾ?"

"ಕೇಳಿದ್ದೆ. ಕ್ಯಾಂಟೀನಲ್ಲಿ ಉಪ್ಪಿನ ಡಬ್ಬಿ ಕೇಳಿದ್ದೆ."

"ಜೋಕು ಬೇಡ ಈಗ."

ಅವನಿಗೆ ರೇಗಿತು. ರೇಗುವುದು ರೂಢಿಯಿಲ್ಲದ್ದರಿಂದ ದನಿ ಕೀರಲಾಗಿ ಬಂತು. "ಐದು ವರ್ಷ ಕಿಟಕಿ ನೋಡ್ಕೊಂಡು ನುಡಿಸ್ದೋಳು ನೀನು. ನನ್ನ ಕೈ ಬಗ್ಗೆ ನೀನು ಮಾತಾಡ್ಬೇಡ."

ನೋನ್ನಾ ಬಾಣಲೆಯ ಉರಿ ಸಣ್ಣ ಮಾಡಿದಳು. "ಹೌದು, ನೋಡ್ಲಿಲ್ಲ. ನೋಡ್ಲೇಬೇಕು ಅನ್ನೋ ಹಾಗೆ ನೀನು ಮಾಡ್ಲಿಲ್ಲ."

ಅವನು ಆಲೂಗಡ್ಡೆ ತಿನ್ನಲಿಲ್ಲ. ಇದಕ್ಕೆ ಒಂದು ಜೋಕು ಹುಡುಕಿದ, ಸಿಗಲಿಲ್ಲ. ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಕೋಟು ಎಲ್ಲಿದೆ ಎಂದು ಕೇಳಬೇಕಾಗಿ ಬಂದಾಗ ಗೋಡೆಯನ್ನು ಕೇಳಿದ. ಗೋಡೆಯ ಜೊತೆ ವ್ಯವಹರಿಸುವ ವಿದ್ಯೆಯಲ್ಲಿ ಹೇಗೂ ಅವನು ಪದವೀಧರ.

ಹಿರಿಯನಾದ ಮೇಲಿನ ಮೊದಲ ತಾಲೀಮಿಗೆ ಅವನು ಆ ಸಿಂಫನಿಯನ್ನೇ ಹಾಕಿಸಿದ. ಎಲ್ಲರೂ ನಗುನಗುತ್ತ ಬಂದರು. ಮೊದಲ ಭಾಗ ಎಂದಿನಂತೆ ಅವರ ಪಾಡಿಗೆ ಅವರು ಮುಗಿಸಿದರು, ಇವನು ಅವರ ಹಿಂದೆ ಹಿಂದೆ ಕೈಯಾಡಿಸಿಕೊಂಡು ಹೋದ. ನಿಧಾನದ ಭಾಗ ಬಂತು. ಪಿಟೀಲುಗಳು ಶುರು ಮಾಡಿದವು. ತಪ್ಪೇನಿರಲಿಲ್ಲ. ಆಸ್ಪತ್ರೆಯ ಗಂಜಿಯ ಹಾಗೆ ಬೆಚ್ಚಗೆ, ಮಂದವಾಗಿ, ಯಾರಿಗೂ ತೊಂದರೆಯಿಲ್ಲದೆ ಬಂತು.

ರೋದಿಯೋನ್ ಕಡ್ಡಿಯಿಂದ ಎದುರಿನ ಹಲಗೆ ತಟ್ಟಿ ನಿಲ್ಲಿಸಿದ. ಜೋಕು ಬರುತ್ತದೆಂದು ಎಲ್ಲರೂ ಮುಖ ಅರಳಿಸಿಕೊಂಡು ಕಾದರು. ಜೋಕು ನಾಲಿಗೆಯ ತುದಿಗೆ ಬಂದೂ ಇತ್ತು. ನುಂಗಿಕೊಂಡ. ಮತ್ತೊಮ್ಮೆ, ಇನ್ನೂ ಮೆಲ್ಲಗೆ ಎಂದ. ಅವರು ನುಡಿಸಿದರು. ಮತ್ತೆ ನಿಲ್ಲಿಸಿದ. ಮತ್ತೊಮ್ಮೆ ಎಂದ. ಅರಳಿದ ಮುಖಗಳು ಒಂದೊಂದಾಗಿ ಮುಚ್ಚಿಕೊಂಡವು. ತನ್ನನ್ನು ಇಷ್ಟಪಡುವವರು ಕಣ್ಣೆದುರೇ ಕಡಿಮೆಯಾಗುತ್ತಿರುವುದನ್ನು ಕಂಡು ಅವನಿಗೆ ಅಳು ಬಂದ ಹಾಗಾಯಿತು.

ವಾಲೆರ್ಯಾನ್ ಪಿಟೀಲು ಮೊಣಕಾಲ ಮೇಲಿಟ್ಟು ಮೆಲ್ಲನೆ ಕೇಳಿದ: "ಏನು ರೋದಿಯೋನ್ ಸವೆಲ್ಯೆವಿಚ್, ನಿಮ್ಗೂ ಮಾಸ್ಕೋ ಗಾಳಿ ತಗುಲ್ತಾ? ಕೈ ಎತ್ತಿದೋರು ನಾವೇ, ಇಳಿಸಕ್ಕೂ ಬರುತ್ತೆ ನಮಗೆ."

"ಇಳಿಸಿ, ವಾಲೆರ್ಯಾನ್ ಒಸಿಪೊವಿಚ್. ಅಲ್ಲೀವರ್ಗೂ ನಂಗೆ ಇದು ಬೇಕು. ಶುರುವಾಯ್ತೋ ಇಲ್ವೋ ಅಂತ ಅನುಮಾನ ಬರೋ ಹಾಗೆ ಬೇಕು."

ಅನುಮಾನ ಆಗಲೇ ಬಂದಿದೆ ಎಂದು ಹಾರ್ನ್‌ನವರ ಕಡೆಯಿಂದ ಯಾರೋ ಗೊಣಗಿದರು. ನಗು ಬಂತು. ಇಷ್ಟು ವರ್ಷ ಅವನು ಕೇಳಿಸಿಕೊಂಡಿದ್ದ ನಗು ಅದಲ್ಲ. ಅವನ ಕಿವಿ ಬಿಸಿಯಾಯಿತು. ಪುಸ್ತಕ ನೋಡಬೇಡಿ, ನಿಮಗೆ ಬಾಯಿಪಾಠ ಇದೆ, ನನ್ನ ಕೈ ನೋಡಿ ಎಂದ. ಈ ಮಾತು ಬಾಯಿಂದ ಬಂದದ್ದು ಅವನಿಗೇ ನಂಬಿಕೆಯಾಗಲಿಲ್ಲ. ಸಿಟ್ಟಿಗೇ ಇರಬೇಕು, ಅದೇನು ಕಿಸಿಯುತ್ತಾನೋ ನೋಡೇಬಿಡೋಣ ಎಂದು ಅಷ್ಟೂ ಜನ ತಲೆಯೆತ್ತಿ ಅವನ ಕೈಯನ್ನು ದುರುಗುಟ್ಟಿ ನೋಡಿದರು.

ಕೈ ಎತ್ತಿದ. ಇಳಿಸಿದ. ಸದ್ದಿಲ್ಲ. ಕಾಯಲಿಲ್ಲ ಅವನು. ಆ ಬರಿದಾದ ಮೌನದೊಳಗೆ ಒಬ್ಬನೇ ಕೈಯನ್ನು ಮುಂದೆ ಮುಂದೆ ಒಯ್ದ. ಕೈಯ ಹಿಂದೆಯೇ, ಎಲ್ಲಿಂದಲೋ, ಆ ಸದ್ದು ಬಂತು. ಬಂದದ್ದು ಗೊತ್ತಾಗದಷ್ಟು ಮೆಲ್ಲಗೆ ಬಂತು. ಅವನ ತಲೆಯೊಳಗೆ ಇಷ್ಟು ವರ್ಷ ಕೂಡಿಹಾಕಿಕೊಂಡಿದ್ದದ್ದೇ, ಹಾಗೇ, ಹೊರಗೆ, ಮರದ ಕುರ್ಚಿಗಳ ಮೇಲೆ ಕೂತ ಆ ಮುಖ ಊದಿಸಿಕೊಂಡ ಜನರ ಕೈಯಿಂದ ಬರುತ್ತಿತ್ತು. ಅಯ್ಯೋ ದೇವರೇ, ಇದೇ ಎಂದುಕೊಂಡ. ಕಣ್ಣು ಮಂಜಾಯಿತು. ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತುಬಿಟ್ಟ. ಓಬೋ ಊದುವವಳಿಗೆ ಈಗ ನೀನು ಎಂದು ಸನ್ನೆ ಮಾಡಬೇಕಿತ್ತು, ಮರೆತ. ಕೈ ಗಾಳಿಯಲ್ಲಿ ಹಾಗೇ ನಿಂತಿತು.

ಆರ್ಕೆಸ್ಟ್ರಾ ನಿಂತುಹೋಯಿತು.

ಬಿಲ್ಲುಗಳು ಎತ್ತಿದಲ್ಲೇ ಇದ್ದವು. ಓಬೋದವಳು ಉಸಿರು ಹಿಡಿದುಕೊಂಡೇ ಇದ್ದಳು. ಹಿಂದೆ ಪಿಯಾನೋದ ಬಳಿ ನೋನ್ನಾ ಹೆಣಿಗೆ ಮಡಿಲಿಗೆ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತಿದ್ದಳು.

"ಯಾಕೆ ನಿಲ್ಸಿದ್ರಿ?" ಎಂದ ವಾಲೆರ್ಯಾನ್. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಅರ್ಧದಲ್ಲಿ ತಟ್ಟೆ ಕಿತ್ತುಕೊಂಡವರ ದನಿಯಿತ್ತು.

ರೋದಿಯೋನ್ ತೋಳಿನಿಂದ ಮುಖ ಒರೆಸಿಕೊಂಡ. ಇಷ್ಟು ವರ್ಷ ಇಲ್ಲಿ ಸರಿ ಬಂದದ್ದೂ ಅವರದು, ಕೆಟ್ಟದ್ದೂ ಅವರದು. ಅವನು ಬಿಕ್ಕಳಿಸಿದರೂ ನಡೆದಿತ್ತು, ಸತ್ತಿದ್ದರೂ ನಡೆಯುತ್ತಿತ್ತು. ಇವತ್ತು ಅವನ ಕೈ ನಿಂತದ್ದಕ್ಕೆ ಎಲ್ಲವೂ ನಿಂತಿತ್ತು.

"ತಪ್ಪು ನನ್ನದು" ಅಂದ. ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. "ಪೂರ್ತಿ ನಂದೇ ತಪ್ಪು ಕಣ್ರೀ. ಮತ್ತೊಮ್ಮೆ ನುಡಿಸಿ."